ಎರಡನೆಯ ಸಲದ ಪಾಠ



ಡಾಕ್ಟರಾಗಲು ಹೊರಟ ಹುಡುಗಿ ಮೆಡಿಕಲ್ ಕಾಲೇಜು ಸೇರುವ ಮುನ್ನ ಆಪರೇಷನ್ ಥಿಯೇಟರಿನ ಒಳಗನ್ನು ನೋಡಿರುವುದಿಲ್ಲ. ವಕೀಲನಾಗಲು ಹೊರಟ ಹುಡುಗ ಕೋರ್ಟಿನ ಮೆಟ್ಟಿಲು ಹತ್ತಿರುವುದಿಲ್ಲ. ಮೇಷ್ಟ್ರಾಗುತ್ತೇನೆ ಎನ್ನುವವರು ಹಾಗಲ್ಲ. ಒಂದನೇ ಕ್ಲಾಸಿನಿಂದ ಡಿಗ್ರಿ ಮುಗಿಯುವ ತನಕ ಹದಿನೈದು ವರ್ಷ ಮೇಷ್ಟ್ರುಗಳನ್ನು ಎದುರಿಗೇ ನೋಡಿಕೊಂಡು ಬಂದಿರುತ್ತಾರೆ. ಅವರ ನಡಿಗೆ, ಗದರಿಕೆ, ಸೀಮೆಸುಣ್ಣ ಹಿಡಿಯುವ ರೀತಿ ಎಲ್ಲವೂ ಇವರಿಗೆ ಬಾಯಿಪಾಠ. ಅದಕ್ಕೇ ಬಿ.ಎಡ್. ಸೇರಿದ ಮೊದಲ ವಾರ ಬಹಳ ಮಂದಿಯ ಮುಖದಲ್ಲಿ ಒಂದು ನಿರಾಳ ಕಾಣುತ್ತದೆ. ಇದರಲ್ಲಿ ಕಲಿಯುವುದೇನಿದೆ, ಸರ್ಟಿಫಿಕೇಟಿಗೋಸ್ಕರ ತಾನೆ ಎಂಬ ಭಾವ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಪ್ರಕಟವಾದ ತಮ್ಮ ‘ಸ್ಕೂಲ್‌ಟೀಚರ್’ ಪುಸ್ತಕದಲ್ಲಿ ಈ ವಿಚಿತ್ರವನ್ನು ಗುರುತಿಸಿದರು. ಇಷ್ಟು ವರ್ಷ ನೋಡಿದ್ದೂ ಒಂದು ಬಗೆಯ ತರಬೇತಿಯೇ, ಆದರೆ ಅರೆಬರೆ ತರಬೇತಿ. ಬೆಂಚಿನ ಮೇಲೆ ಕೂತ ಹುಡುಗನಿಗೆ ಮೇಷ್ಟ್ರು ಕೇಳಿದ ಪ್ರಶ್ನೆ ಕೇಳಿಸುತ್ತದೆ. ಆ ಪ್ರಶ್ನೆಯನ್ನೇ ಏಕೆ ಕೇಳಿದರು, ಹಿಂದಿನ ರಾತ್ರಿ ಏನು ಯೋಚಿಸಿದ್ದರು, ಯಾವುದನ್ನು ಕೈಬಿಟ್ಟರು ಎಂಬುದು ತಿಳಿಯುವುದಿಲ್ಲ. ಕಣ್ಣಿಗೆ ಬಿದ್ದದ್ದೇ ಕಸುಬು ಎಂದು ನಂಬಿ ಬಂದವರಿಗೆ ಕಾಣದೆ ಉಳಿದ ಅರ್ಧವನ್ನು ಕಲಿಸಬೇಕು. ಶಿಕ್ಷಕ ತರಬೇತಿಯ ಏಳುಬೀಳು ಶುರುವಾಗುವುದು ಇಲ್ಲಿಂದಲೇ.

ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕೂರುವುದು ನನ್ನ ಕೆಲಸ. ಅಲ್ಲಿ ಕೂತು ನನಗೆ ಖಾತ್ರಿಯಾದ ಒಂದು ಮಾತನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಮೊದಲ ಪಾಠ ಚೆನ್ನಾಗಿ ಆಯಿತೋ ಕೆಟ್ಟಿತೋ, ಅದು ದೊಡ್ಡ ಸಂಗತಿಯಲ್ಲ. ಕೆಟ್ಟ ಪಾಠವನ್ನು ಇನ್ನೊಬ್ಬರ ಜೊತೆ ಕೂತು ಬಿಡಿಸಿ ನೋಡಿ, ಅದನ್ನೇ ಎರಡನೆಯ ಸಲ ಮಾಡಲು ಅವಕಾಶ ಸಿಕ್ಕಿತೇ ಎಂಬುದು ದೊಡ್ಡ ಸಂಗತಿ. ಶಿಕ್ಷಕರು ತಯಾರಾಗುವುದು ಆ ಎರಡನೆಯ ಸಲದಲ್ಲಿ. ನಮ್ಮ ವ್ಯವಸ್ಥೆಯಲ್ಲಿ ಸುಲಭವಾಗಿ ಕೈತಪ್ಪುವುದೂ ಅದೇ.

ಹಾಗೆಂದು ಇದು ಯಾರಿಗೂ ಹೊಳೆಯದ ವಿಚಾರವೇನಲ್ಲ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಅಣುಬೋಧನೆಯನ್ನು ರೂಪಿಸಿದಾಗ ಅದರ ತಿರುಳೇ ಇದಾಗಿತ್ತು. ನಮ್ಮ ಕಾಲೇಜುಗಳಲ್ಲಿ ಮೈಕ್ರೋ ಟೀಚಿಂಗ್ ಎಂದೇ ಎಲ್ಲರೂ ಕರೆಯುತ್ತಾರೆ. ಇಡೀ ಪಾಠ ಬೇಡ, ಒಂದೇ ಒಂದು ಕೌಶಲ ಸಾಕು. ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು, ಇವುಗಳಲ್ಲಿ ಯಾವುದಾದರೂ ಒಂದು. ನಮ್ಮ ದೇಶದಲ್ಲಿ ಎನ್.ಸಿ.ಇ.ಆರ್.ಟಿ. ಬಳಕೆಗೆ ತಂದ ಮಾದರಿಯಲ್ಲಿ ಒಂದು ಸುತ್ತಿಗೆ 36 ನಿಮಿಷ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಮರುಬೋಧನೆ, ಕೊನೆಗೆ 6 ನಿಮಿಷ ಮರುಹಿಮ್ಮಾಹಿತಿ. ಲೆಕ್ಕ ಹಾಕಿ ನೋಡಿ: ಪಾಠ ಮಾಡುವುದಕ್ಕೆ ಒಟ್ಟು 12 ನಿಮಿಷ, ಅದರ ಬಗ್ಗೆ ಮಾತಾಡುವುದಕ್ಕೂ ಯೋಚಿಸುವುದಕ್ಕೂ 24 ನಿಮಿಷ.

ಈ ಪಾಠಕ್ಕೆ ವಿದ್ಯಾರ್ಥಿಗಳಾಗಿ ಕೂರುವವರು ಸಹಪಾಠಿಗಳೇ. ಅಲ್ಲೊಂದು ತಮಾಷೆ ನಡೆಯುತ್ತದೆ. ಮಕ್ಕಳಂತೆ ನಟಿಸಬೇಕಾದ ಗೆಳೆಯರು ಕೆಲವೊಮ್ಮೆ ಎಷ್ಟು ಜಾಣರಾಗುತ್ತಾರೆಂದರೆ, ಪ್ರಶ್ನೆ ಪೂರ್ತಿಯಾಗುವ ಮೊದಲೇ ಗೆಳತಿಯ ಮರ್ಯಾದೆ ಉಳಿಸಲು ಉತ್ತರ ಹೇಳಿಬಿಡುತ್ತಾರೆ. ಕೆಲವೊಮ್ಮೆ ಹಳೆಯ ಲೆಕ್ಕ ಚುಕ್ತಾ ಮಾಡುವವರ ಹಾಗೆ ತುಂಟಾಟಕ್ಕೆ ಇಳಿಯುತ್ತಾರೆ. ಅದಾದರೂ ಸಹಿಸಬಹುದು. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಮರುಬೋಧನೆಗೆ, ಅದು ಕಷ್ಟದ ಮಾತು. ರೆಕಾರ್ಡ್ ಪುಸ್ತಕದಲ್ಲಿ ‘ಮರುಬೋಧನೆ’ ಎಂಬ ಶೀರ್ಷಿಕೆ ಇರುತ್ತದೆ, ಅದರ ಕೆಳಗೆ ಅಂದವಾದ ಅಕ್ಷರದಲ್ಲಿ ಬರಹವೂ ಇರುತ್ತದೆ, ಪಾಠ ಮಾತ್ರ ನಡೆದಿರುವುದಿಲ್ಲ.

ರೆಕಾರ್ಡಿನ ಮಾತು ಬಂದಿತು. ಬಿ.ಎಡ್. ಮಾಡಿದ ಯಾರನ್ನೇ ಕೇಳಿ, ಮೊದಲು ನೆನಪಾಗುವುದು ಬರೆದು ಬರೆದು ನೋಯುವ ಕೈ. ಹಿಂದಿನವರು ಜರ್ಮನಿಯ ಹರ್ಬಾರ್ಟನ ಶಿಷ್ಯಪರಂಪರೆ ರೂಪಿಸಿದ ಪಂಚ ಸೋಪಾನಗಳಲ್ಲಿ ಪಾಠಟಿಪ್ಪಣಿ ಬರೆಯುತ್ತಿದ್ದರು. ಈಗಿನವರು ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳಲ್ಲಿ ಬರೆಯುತ್ತಾರೆ. ಇದರ ಜೊತೆಗೆ ಚಾರ್ಟು, ಥರ್ಮಾಕೋಲಿನ ಮಾದರಿ, ರಟ್ಟಿನ ಮಿಂಚುಪಟ್ಟಿ. ಹಾಸ್ಟೆಲಿನಲ್ಲಿ ಮಧ್ಯರಾತ್ರಿಯವರೆಗೆ ಸ್ಕೆಚ್ ಪೆನ್ನು, ಗೋಂದು, ಕತ್ತರಿಗಳ ನಡುವೆ ಕೂತಿರುತ್ತಾರೆ. ಮದುವೆಯಾಗಿ ಮಕ್ಕಳಿರುವ ಹೆಣ್ಣುಮಕ್ಕಳು ಅಡುಗೆಮನೆಯ ಕೆಲಸ ಮುಗಿಸಿ, ಮಗು ಮಲಗಿದ ಮೇಲೆ ಬರೆಯಲು ಕೂರುತ್ತಾರೆ. ಚಾರ್ಟಿಗೆ ಬಣ್ಣ ತುಂಬಲು ಗಂಡನೋ ತಮ್ಮನೋ ನೆರವಾಗುವುದೂ ಉಂಟು.

ಈ ಬರವಣಿಗೆ ವ್ಯರ್ಥವೆಂದು ನಾನು ಹೇಳುವುದಿಲ್ಲ. ಬರೆಯಲು ಕೂತಾಗಲೇ ಪಾಠದ ಗುರಿ ಯಾವುದು, ಎಲ್ಲಿ ತೊಡಕಾದೀತು ಎಂದು ಯೋಚಿಸುವುದು ಸಾಧ್ಯ. ಆದರೆ ಪಾಠಯೋಜನೆಯ ಒಂದು ಅಂಕಣದಲ್ಲಿ ಶಿಕ್ಷಕರ ಪ್ರಶ್ನೆ, ಪಕ್ಕದ ಅಂಕಣದಲ್ಲಿ ‘ನಿರೀಕ್ಷಿತ ಉತ್ತರ’ ಎಂದು ಬರೆಯುತ್ತಾರಲ್ಲ, ಅಪಾಯ ಇರುವುದು ಅಲ್ಲಿ. ಆ ಅಂಕಣದ ಮಕ್ಕಳು ತಪ್ಪು ಉತ್ತರ ಹೇಳುವುದೇ ಇಲ್ಲ. ನಿಜವಾದ ಮಕ್ಕಳು ಹೇಳುತ್ತಾರೆ.

ಧಾರವಾಡದ ಕಡೆಯ ಒಂದು ಹಳ್ಳಿಯ ಶಾಲೆ. ಆರನೇ ತರಗತಿ, ಭಿನ್ನರಾಶಿಯ ಪಾಠ. ಪ್ರಶಿಕ್ಷಣಾರ್ಥಿ ಗಣಿತದಲ್ಲಿ ಒಳ್ಳೆಯ ಅಂಕ ಪಡೆದು ಬಂದಾಕೆ. ಹಲಗೆಯ ಮೇಲೆ 1/3 ಮತ್ತು 1/4 ಎಂದು ಬರೆದು, ಯಾವುದು ದೊಡ್ಡದು ಎಂದು ಕೇಳಿದರು. ಕಿಟಕಿಯ ಪಕ್ಕದ ಹುಡುಗ ಎದ್ದು ನಿಂತು, “ಎರಡನೇದ್ದು ದೊಡ್ಡದ್ರಿ ಟೀಚರ್, ಮೂರಕ್ಕಿಂತ ನಾಕು ದೊಡ್ಡದಲ್ರೀ” ಎಂದ. “ತಪ್ಪು, ಕೂಡು” ಎಂದರು ಟೀಚರ್. ಇನ್ನೊಬ್ಬಳನ್ನು ಎಬ್ಬಿಸಿದರು, ಸರಿಯುತ್ತರ ಬಂತು, “ಶಾಬಾಸ್” ಎಂದು ಚಪ್ಪಾಳೆ ಹೊಡೆಸಿದರು, ಚಾರ್ಟು ತೂಗುಹಾಕಿದರು. ಪಾಠ ಯೋಜನೆಯ ಪ್ರಕಾರವೇ ಸಾಗಿತು. ಘಂಟೆ ಹೊಡೆಯುವ ಹೊತ್ತಿಗೆ ಮನೆಗೆಲಸವನ್ನೂ ಕೊಟ್ಟಾಗಿತ್ತು. ಅಂಕಪಟ್ಟಿಯ ಪ್ರಕಾರ ಒಳ್ಳೆಯ ಪಾಠವೇ. ಆ ಹುಡುಗ ಮಾತ್ರ ಪಾಠ ಮುಗಿದ ಮೇಲೂ ನಾಲ್ಕನೇ ಒಂದು ಮೂರನೇ ಒಂದಕ್ಕಿಂತ ದೊಡ್ಡದೆಂದೇ ನಂಬಿಕೊಂಡು ಕೂತಿದ್ದ.

ಪಾಠ ಆದ ಮೇಲೆ ಬೇವಿನ ಮರದ ಕೆಳಗಿನ ಕಟ್ಟೆಯಲ್ಲಿ ಕೂತು ಮಾತಾಡಿದೆವು. ಆ ತರಗತಿಯ ಗಣಿತದ ಹಿರಿಯ ಶಿಕ್ಷಕರೂ ಬಂದು ಸೇರಿದರು. ಆಕೆ ತಮ್ಮ ದನಿ ಸಣ್ಣದಾಯಿತೇ, ಹಲಗೆಯ ಬರಹ ಕಾಣುತ್ತಿತ್ತೇ ಎಂದು ಕೇಳಿದರು. ಹಿರಿಯರು ನಕ್ಕು, “ಅದೆಲ್ಲಾ ಚಲೋ ಆತು ಬಿಡ್ರಿ ಮೇಡಂ. ಆ ಹುಡುಗ ಹೇಳಿದ್ದರೊಳಗ ಸರಿ ಯಾವುದು ಇತ್ತು, ಅದನ್ನ ಹೇಳ್ರಿ” ಎಂದರು. ಆಕೆಗೆ ಪ್ರಶ್ನೆಯೇ ಹೊಸದು. ತಪ್ಪು ಉತ್ತರದಲ್ಲಿ ಸರಿ ಏನಿರಲು ಸಾಧ್ಯ? ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಬಿಡಿಸಿದರು. ಹುಡುಗನಿಗೆ ಪೂರ್ಣ ಸಂಖ್ಯೆಗಳ ಕ್ರಮ ಚೆನ್ನಾಗಿ ಗೊತ್ತು. ಇಲ್ಲಿಯತನಕ ಅದು ಅವನಿಗೆ ಎಲ್ಲಿಯೂ ಕೈಕೊಟ್ಟಿಲ್ಲ. ಗೆರೆಯ ಕೆಳಗಿನ ಅಂಕಿ ಎಷ್ಟು ಪಾಲು ಮಾಡಿದೆವು ಎಂಬುದನ್ನು ಹೇಳುತ್ತದೆಂದು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಮರುದಿನ ಅದೇ ತರಗತಿಗೆ ಅದೇ ಪಾಠ. ಈ ಸಲ ಚಾರ್ಟಿಲ್ಲ. ಒಂದೇ ಅಳತೆಯ ಕಾಗದದ ಪಟ್ಟಿಗಳನ್ನು ಹಂಚಿ, ಒಂದನ್ನು ಮೂರು ಸಮಪಾಲು, ಇನ್ನೊಂದನ್ನು ನಾಲ್ಕು ಸಮಪಾಲು ಮಡಿಸಲು ಹೇಳಿದರು. ಪಟ್ಟಿ ಅಂದರೆ ಹೋಳಿಗೆ ಅಂತ ತಿಳಿಯಿರಿ, ನೀವು ಮೂರು ಮಂದಿಯ ಪಂಕ್ತಿಯಲ್ಲಿ ಕೂರುತ್ತೀರೋ ನಾಲ್ಕು ಮಂದಿಯ ಪಂಕ್ತಿಯಲ್ಲೋ ಎಂದು ಕೇಳಿದರು. ಕಿಟಕಿಯ ಹುಡುಗ ಪಾಲುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, “ಮಂದಿ ಜಾಸ್ತಿ ಆದ್ರ ಪಾಲು ಸಣ್ಣದಾಗ್ತದ್ರಿ” ಎಂದು ತಾನೇ ಕೂಗಿದ. ಆಕೆಯ ಮುಖ ಅರಳಿತು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಟೀಚರ್, ದೊಡ್ಡ ಹೋಳಿಗಿ ಇತ್ತಂದ್ರ ಅದರ ನಾಕನೇ ಪಾಲು ಸಣ್ಣ ಹೋಳಿಗಿ ಮೂರನೇ ಪಾಲಿಗಿಂತ ದೊಡ್ಡದಾಗ್ತದಲ್ರೀ?” ಎಂದಳು. ಆಕೆ ಮತ್ತೆ ತಬ್ಬಿಬ್ಬು.

ಕೇಳುಗರೇ, ಆ ಹುಡುಗಿ ಕೇಳಿದ್ದು ಭಿನ್ನರಾಶಿಯ ಬೇರಿನ ಪ್ರಶ್ನೆ. ಹೋಲಿಸಬೇಕಾದರೆ ಎರಡರ ಪೂರ್ಣವೂ ಒಂದೇ ಆಗಿರಬೇಕು ಎಂಬ ಷರತ್ತನ್ನು ಅವಳೇ ಕಂಡುಹಿಡಿದಿದ್ದಳು. ಮೊದಲ ದಿನದ ಅಚ್ಚುಕಟ್ಟಾದ ಪಾಠದಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಎರಡನೆಯ ಪಾಠ ಗಲಾಟೆಯ ಪಾಠ, ಮುಗಿಯದೇ ಉಳಿದ ಪಾಠ. ಕಲಿಕೆಯ ಲೆಕ್ಕದಲ್ಲಿ ಅದು ಮೊದಲನೆಯದಕ್ಕಿಂತ ಬಹಳ ಮೇಲು. ತರಬೇತಿಯಲ್ಲಿ ಏಳು ಯಾವುದು, ಬೀಳು ಯಾವುದು ಎಂದು ಗುರುತಿಸುವುದೇ ಎಷ್ಟೋ ಸಲ ಕಷ್ಟ. ಪಕ್ಕದಲ್ಲಿ ಕೂತು ಅದನ್ನು ತೋರಿಸುವ ಹಿರಿಯರೊಬ್ಬರು ಬೇಕು.

ಎರಡನೆಯ ಸಲದ ಬೆಲೆ ಹಳಬರಿಗೆ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ, ಮುಂಬೈ ಆಡಳಿತದ ಕಾಲಕ್ಕೆ, ಧಾರವಾಡದಲ್ಲಿ ಕನ್ನಡ ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲ್ ನಡೆಯುತ್ತಿತ್ತು. ಆ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಅದರ ಮುಖ್ಯಸ್ಥರಾಗಿದ್ದರು. ಶಿಕ್ಷಕರನ್ನು ತಯಾರಿಸುವ ಸಂಸ್ಥೆಯ ಮಗ್ಗುಲಲ್ಲೇ ಮಕ್ಕಳ ಶಾಲೆಯೊಂದು ಇರಬೇಕೆಂಬುದು ಈ ಬಗೆಯ ಶಾಲೆಗಳ ಹಳೆಯ ಕಲ್ಪನೆ. ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಮಾಡಿ ನೋಡಬೇಕು, ಸರಿಹೋಗದಿದ್ದರೆ ನಾಳೆ ಮತ್ತೆ ಅದೇ ಮಕ್ಕಳ ಮುಂದೆ ನಿಲ್ಲಬೇಕು. ಮೈಸೂರಿನಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ಪ್ರಾಯೋಗಿಕ ಶಾಲೆ ಇರುವುದೂ ಇದೇ ವಿಚಾರದಿಂದ. ಇಂಥ ಶಾಲೆ ಮಗ್ಗುಲಲ್ಲಿಲ್ಲದ ಕಾಲೇಜುಗಳ ಪ್ರಶಿಕ್ಷಣಾರ್ಥಿಗಳು ಬಸ್ಸು ಹಿಡಿದು ಹೋಗಿ, ಒಂದು ಪಿರಿಯಡ್ ಪಾಠ ಮಾಡಿ, ಸಹಿ ಹಾಕಿಸಿಕೊಂಡು ಬರುವುದೇ ರೂಢಿಯಾಗಿತ್ತು.

ಇದನ್ನು ಸರಿಪಡಿಸುವ ಪ್ರಯತ್ನ ನಡೆಯದೆ ಇರಲಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ಶಿಕ್ಷಕ ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಿ 2012ರಲ್ಲಿ ವರದಿ ಕೊಟ್ಟಿತು. ಅದಾದ ಮೇಲೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಗಳನ್ನು ತಂದಿತು. 2015ರಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷವಾಯಿತು. ಎರಡು ವರ್ಷಗಳಲ್ಲಿ ಕನಿಷ್ಠ 20 ವಾರ ಶಾಲೆಯಲ್ಲೇ ಇರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಇಂಟರ್ನ್‌ಷಿಪ್ ಎಂದು ಇದಕ್ಕೆ ಹೆಸರು. 16 ವಾರ ಒಂದೇ ಶಾಲೆಯಲ್ಲಿದ್ದರೆ ಮಕ್ಕಳ ಹೆಸರು ತಿಳಿಯುತ್ತದೆ, ಮನೆಯ ಪರಿಸ್ಥಿತಿ ತಿಳಿಯುತ್ತದೆ, ಕೆಟ್ಟ ಪಾಠವನ್ನು ಮತ್ತೆ ಮಾಡಲು ನಾಳೆ ಎಂಬುದೊಂದು ಇರುತ್ತದೆ. ಕಾಗದದ ಮೇಲೆ ನನ್ನ ಎರಡನೆಯ ಸಲಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಶಾಲೆಯ ಕಡೆಯಿಂದ ನೋಡಿದರೆ ಕಥೆ ಬೇರೆ. ಮುಖ್ಯ ಶಿಕ್ಷಕರಿಗೆ ಇಬ್ಬರು ಶಿಕ್ಷಕರ ಕೊರತೆ ಇದೆ. ಅಷ್ಟರಲ್ಲಿ ಬಂದ ಪ್ರಶಿಕ್ಷಣಾರ್ಥಿಗಳು ಅವರಿಗೆ ಕೈಗೆ ಸಿಕ್ಕ ಆಳುಗಳು. ಖಾಲಿ ಪಿರಿಯಡ್ ನೋಡಿಕೊಳ್ಳಿ, ಬಿಸಿಯೂಟದ ಸಾಲು ನಿಲ್ಲಿಸಿ, ಆನ್‌ಲೈನಿನಲ್ಲಿ ಮಾಹಿತಿ ತುಂಬಿ ಎನ್ನುತ್ತಾರೆ. ಅವರದ್ದು ತಪ್ಪೆನ್ನಲಾಗದು. ಹತ್ತನೇ ತರಗತಿಯ ವಿಷಯ ಶಿಕ್ಷಕರಿಗಂತೂ ಎಸ್.ಎಸ್.ಎಲ್.ಸಿ. ಫಲಿತಾಂಶದ ಚಿಂತೆ. “ಪೋರ್ಷನ್ ಹಿಂದೆ ಬಿದ್ದಿದೆ, ಒಂದೇ ಪಾಠವನ್ನು ಎರಡೆರಡು ಸಲ ಮಾಡಬೇಡಿ” ಎಂದು ಅವರು ಹೇಳಿದರೆ ಪ್ರಶಿಕ್ಷಣಾರ್ಥಿ ತಲೆಯಾಡಿಸುವುದು ಬಿಟ್ಟು ಇನ್ನೇನು ಮಾಡಲಾದೀತು? ಮಕ್ಕಳೂ ಚುರುಕು. ‘ಟ್ರೈನಿಂಗ್ ಮಿಸ್ಸು’ ಕೊಡುವ ಅಂಕ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರು ಎರಡೇ ದಿನದಲ್ಲಿ ತಿಳಿದುಬಿಡುತ್ತಾರೆ. ಅಂಕದ ಹೆದರಿಕೆಯಿಲ್ಲದ ಮಕ್ಕಳನ್ನು ಪಾಠದಲ್ಲಿ ಹಿಡಿದಿಡುವುದು ಕಲಿತವರಿಗೆ ಮುಂದೆ ಬೆತ್ತ ಬೇಕಾಗುವುದಿಲ್ಲ.

ಇದರ ನಡುವೆ ಕೆಲವು ಏಳುಗಳು ಅನಿರೀಕ್ಷಿತವಾಗಿ ಬರುತ್ತವೆ. ಕನ್ನಡದಲ್ಲಿ ಎಂ.ಎ. ಮುಗಿಸಿ ಬಂದ ತರುಣನೊಬ್ಬ ಅವಲೋಕನಕ್ಕೆಂದು ಚಿಕ್ಕ ಮಕ್ಕಳ ನಲಿ-ಕಲಿ ತರಗತಿಯಲ್ಲಿ ಕೂತದ್ದು ಅಂಥದ್ದೊಂದು. ಅವನು ಅಕ್ಷರ ಕಲಿತದ್ದು ಅ ಆ ಇ ಈ ಎಂದು. ಇಲ್ಲಿ ಮಕ್ಕಳು ಶುರು ಮಾಡಿದ್ದು ರ ಗ ಸ ದ ಅ ಎಂದು. ಇದೇನು ವರ್ಣಮಾಲೆಯನ್ನೇ ಕೆಡಿಸಿದ್ದಾರಲ್ಲ ಎಂದು ಅವನಿಗೆ ಮೊದಲು ಸಿಡುಕು. ಐದು ಅಕ್ಷರ ಬಂದ ಕೂಡಲೇ ಮಕ್ಕಳು ಸರ, ದರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದತೊಡಗಿದಾಗ ಸಿಡುಕು ಇಳಿಯಿತು. ಐವತ್ತು ಅಕ್ಷರ ಮುಗಿಯುವತನಕ ಓದಿನ ರುಚಿಗಾಗಿ ಮಗು ಏಕೆ ಕಾಯಬೇಕು ಎಂಬ ಪ್ರಶ್ನೆ ಅವನಿಗೆ ಆಮೇಲೆ ಹೊಳೆಯಿತು. ಈ ನಲಿ-ಕಲಿ ಮೇಲಿನಿಂದ ಇಳಿದ ಆದೇಶವಾಗಿ ಹುಟ್ಟಿದ್ದಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕ್ರಮ ನೋಡಿಬಂದು, ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ಹೊಂದುವಂತೆ ಅದನ್ನು ಕಟ್ಟಿದರು. ನೋಡಿದರು, ಮಾಡಿದರು, ತಿದ್ದಿದರು, ಮತ್ತೆ ಮಾಡಿದರು. ಕೆಲಸದಲ್ಲಿದ್ದ ಶಿಕ್ಷಕರೇ ಎರಡನೆಯ ಸಲವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಉದಾಹರಣೆ ಇದು.

ತರಬೇತಿ ಮುಗಿದ ಮೇಲಿನ ಬೀಳುಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಅದು ನಿಮ್ಮಲ್ಲಿ ಅನೇಕರ ಮನೆಯ ಕಥೆಯೇ. ಟಿ.ಸಿ.ಎಚ್. (ಮುಂದೆ ಡಿ.ಎಡ್. ಆದ ಪ್ರಾಥಮಿಕ ಶಿಕ್ಷಕರ ತರಬೇತಿ) ಮುಗಿಸಿದರೆ ಕೆಲಸ ಖಚಿತ ಎಂಬ ಕಾಲವೊಂದಿತ್ತು. ಅದನ್ನು ನಂಬಿ ಡಿ.ಎಡ್. ಕಾಲೇಜುಗಳು ಊರೂರಿಗೂ ಹುಟ್ಟಿದವು, ನೇಮಕಾತಿ ನಿಧಾನವಾದಾಗ ಬಾಗಿಲು ಹಾಕಿದವು. ಈಗ ಪದವಿಪತ್ರದ ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ. ಬೇಕು. 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗದವರಿಗೆ ಶೇಕಡ 60 ಬಂದರೆ ತೇರ್ಗಡೆ. ಬಿ.ಎಡ್. ಮಾಡಿದವರೂ ಒಂದರಿಂದ ಐದನೇ ತರಗತಿಗೆ ಕಲಿಸಬಹುದೆಂದು 2018ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಹೇಳಿತು; 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದು ಸಲ್ಲದೆಂದಿತು. ನಡುವೆ ಓದಿದವರ ಲೆಕ್ಕಾಚಾರ ತಲೆಕೆಳಗಾಯಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಆರರಿಂದ ಎಂಟನೇ ತರಗತಿಗಳಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಎಷ್ಟೋ ಮನೆಗಳಲ್ಲಿ ಮತ್ತೆ ಆಸೆ ಚಿಗುರಿತು. ಕಾಯುತ್ತಲೇ ಇರುವವರು ಅತಿಥಿ ಶಿಕ್ಷಕರಾಗಿ ಅಲ್ಪ ಗೌರವಧನಕ್ಕೆ ದುಡಿಯುತ್ತಾರೆ, ಸಂಜೆ ಟ್ಯೂಷನ್ ಹೇಳುತ್ತಾರೆ, ರಾತ್ರಿ ಮುಂದಿನ ಪರೀಕ್ಷೆಗೆ ಓದುತ್ತಾರೆ.

ಕೆಲಸ ಸಿಕ್ಕಿತು ಎಂದುಕೊಳ್ಳಿ. ಅಂದಿನಿಂದ ತರಗತಿಯ ಹಿಂದಿನ ಬೆಂಚು ಖಾಲಿ. ಅಧಿಕಾರಿಗಳು ಬಂದರೆ ದಾಖಲೆ ನೋಡುತ್ತಾರೆ. ಪಾಠ ನೋಡಿ, ಕೂತು ಮಾತಾಡಿ, ನಾಳೆ ಹೀಗೆ ಮಾಡಿ ನೋಡೋಣವೇ ಎನ್ನುವವರು ಅಪರೂಪ. ಜಪಾನಿನಲ್ಲಿ ಇದಕ್ಕೊಂದು ಗಟ್ಟಿ ಪದ್ಧತಿ ಇದೆ. ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಎಲ್ಲರೂ ಕೂತು ಚರ್ಚಿಸಿ, ತಿದ್ದಿ, ಬೇಕಾದರೆ ಇನ್ನೊಂದು ತರಗತಿಯಲ್ಲಿ ಮತ್ತೆ ಮಾಡುತ್ತಾರೆ. ಹೊಸಬರೂ ಮಾಡುತ್ತಾರೆ, ತಲೆ ನರೆತವರೂ ಮಾಡುತ್ತಾರೆ. ನಮಗೆ ಇದು ಆಗದ ಮಾತೇನಲ್ಲ. 1986ರ ಶಿಕ್ಷಣ ನೀತಿಯ ಫಲವಾಗಿ ಬಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ನಮ್ಮ ಜಿಲ್ಲೆಗಳಲ್ಲಿವೆ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆ ನಡೆಯುತ್ತದೆ. ಸುತ್ತೋಲೆ ಓದುವುದರಲ್ಲೇ ಆ ಸಭೆ ಮುಗಿಯಬೇಕೆಂದಿಲ್ಲ. ಒಬ್ಬರ ಒಂದು ಪಾಠವನ್ನು ಎಲ್ಲರೂ ಕೂತು ನೋಡಿ ಮಾತಾಡಿದರೆ ಅದಕ್ಕೆ ಹೊಸ ಕಟ್ಟಡ, ಹೊಸ ಅನುದಾನ ಯಾವುದೂ ಬೇಕಾಗುವುದಿಲ್ಲ.

ಇದಕ್ಕೆ ಅಡ್ಡಿಯಾಗುವುದು ಹಣಕ್ಕಿಂತ ಹೆಚ್ಚಾಗಿ ಅಂಜಿಕೆ. ನನ್ನ ಪಾಠವನ್ನು ಇನ್ನೊಬ್ಬರು ನೋಡಿದರೆ ನನ್ನ ಬೆಲೆ ಕಟ್ಟುತ್ತಾರೆ ಎಂಬ ಅಂಜಿಕೆ. ಈ ಅಂಜಿಕೆಯನ್ನು ಹುಟ್ಟಿಸಿದವರಲ್ಲಿ ನಮ್ಮ ತರಬೇತಿ ಕಾಲೇಜುಗಳ ಪಾಲೂ ಇದೆ. ಅವಲೋಕನ ಎಂದರೆ ಅಂಕ ಎಂದೇ ಕಲಿಸಿದ್ದೇವೆ. ಅಂಕಕ್ಕಾಗಿ ಮಾಡುವ ಪಾಠಗಳು ಕೆಲವಿರಲಿ, ಆದರೆ ಅಂಕವೇ ಇಲ್ಲದೆ, ಕೆಡುವುದಕ್ಕೂ ಅವಕಾಶವಿರುವ ಪಾಠಗಳು ಅದಕ್ಕಿಂತ ಹೆಚ್ಚಿರಲಿ. ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಪಕ್ಕದಲ್ಲಿ, ಮಕ್ಕಳು ನಿಜವಾಗಿ ಹೇಳಿದ ಉತ್ತರಕ್ಕೂ ಒಂದು ಅಂಕಣ ಇರಲಿ. ಅದನ್ನು ಪಾಠ ಮುಗಿದ ಮೇಲೆ ತುಂಬಲಿ. ಮುಂದಿನ ಪಾಠಯೋಜನೆ ಶುರುವಾಗುವುದು ಆ ಅಂಕಣದಿಂದ.

ಮುಖ್ಯ ಶಿಕ್ಷಕರೇ, ಈ ವರ್ಷ ನಿಮ್ಮ ಶಾಲೆಗೆ ಪ್ರಶಿಕ್ಷಣಾರ್ಥಿಗಳು ಬಂದಾಗ ಖಾಲಿ ಪಿರಿಯಡ್‌ಗೆ ಅವರನ್ನು ಕಳಿಸಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ವಾರಕ್ಕೆ ಒಂದು ಪಿರಿಯಡ್, ಅವರು ಮಾಡಿ ಕೆಟ್ಟ ಪಾಠವನ್ನೇ ಮತ್ತೆ ಮಾಡಲು ಬಿಟ್ಟುಕೊಡಿ. ನಿಮ್ಮ ಅನುಭವಿ ಶಿಕ್ಷಕರೊಬ್ಬರು ಅದಕ್ಕೆ ಮುನ್ನ ಹತ್ತು ನಿಮಿಷ ಅವರ ಜೊತೆ ಕೂರಲಿ. ತಂದೆತಾಯಿಗಳೇ, ನಿಮ್ಮ ಮಗಳೋ ಸೊಸೆಯೋ ಬಿ.ಎಡ್. ಓದುತ್ತಿದ್ದರೆ, ಇವತ್ತು ಪಾಠ ಚೆನ್ನಾಗಿ ಆಯಿತೇ ಎಂದು ಕೇಳುವ ಬದಲು, ಮಕ್ಕಳು ಏನು ಕೇಳಿದರು ಎಂದು ಕೇಳಿ. ಆಗ ಅವರು ಹೇಳುವ ಕಥೆಯೇ ಬೇರೆಯಾಗುತ್ತದೆ. ಪ್ರಶಿಕ್ಷಣಾರ್ಥಿಗಳೇ, ನಾಳೆ ಸಂದರ್ಶನದಲ್ಲಿ ಎಷ್ಟು ಪಾಠ ಮಾಡಿದ್ದೀರಿ ಎಂದು ನಿಮ್ಮನ್ನು ಕೇಳಬಹುದು. ಆ ಸಂಖ್ಯೆಯನ್ನು ರೆಕಾರ್ಡ್ ನೋಡಿ ಹೇಳಿ. ಯಾವ ಪಾಠವನ್ನು ಎರಡನೆಯ ಸಲ ಮಾಡಿದಿರಿ, ಏಕೆ ಮಾಡಿದಿರಿ ಎಂಬುದಕ್ಕೂ ನಿಮ್ಮಲ್ಲಿ ಉತ್ತರವಿದ್ದರೆ, ಆ ಸಂದರ್ಶನದ ಫಲಿತಾಂಶ ಏನೇ ಬರಲಿ, ನಿಮ್ಮ ತರಬೇತಿ ಸಾರ್ಥಕವಾಗಿದೆ.